ಸು ಫ್ರಮ್ ಸೋ: ನಗುವಿನ ಗದ್ದಲದಲ್ಲಿ ಕೇಳಿಸದೇ ಹೋದ ಮಾತುಗಳು (ಎರಡನೇ ಸಲ ನೋಡಿದವರು ಬನ್ನಿ)

ತೆಂಗಿನಗರಿ

ಈ ಕನ್ನಡ ಹಾರರ್ ಕಾಮಿಡಿ ಸಿನಿಮಾವನ್ನು ಜುಲೈ ಕೊನೆಯಲ್ಲಿ ಥಿಯೇಟರಿನಲ್ಲಿ ನೋಡಿದ್ದೆ. ಮೊನ್ನೆ ಶನಿವಾರ ಮನೆಯಲ್ಲಿ ಜಿಯೋಹಾಟ್‌ಸ್ಟಾರ್ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಆಮೇಲೆ ಗೊತ್ತಾಯಿತು, ಮೊದಲ ಸಲ ನಾನು ಅರ್ಧ ಸಿನಿಮಾ ಕೇಳಿಸಿಕೊಂಡೇ ಇರಲಿಲ್ಲ. ಒಂದು ಮಾತಿಗೆ ಹಾಲ್ ಪೂರ್ತಿ ನಗುತ್ತಿತ್ತು. ಮುಂದಿನ ಎರಡು ಮಾತು ಆ ಗದ್ದಲದಲ್ಲಿ ಮುಳುಗಿ ಹೋಗುತ್ತಿದ್ದವು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗನನ್ನು "ಏನಂದ? ಏನಂದ?" ಅಂತ ಕೇಳುತ್ತಲೇ ಇದ್ದರು. ಅವನಿಗೂ ಕೇಳಿಸಿರಲಿಲ್ಲ, ಪಾಪ. ಸುಮ್ನೆ ಏನೋ ಹೇಳುತ್ತಿದ್ದ. ಅವರು ಅದಕ್ಕೂ ನಗುತ್ತಿದ್ದರು.

ಮನೆಯಲ್ಲಿ ಒಬ್ಬನೇ ನೋಡಿದಾಗ ಎಲ್ಲಾ ಮಾತೂ ಕೇಳಿಸಿತು. ಆದರೆ ನಗು ಕಡಿಮೆಯಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮಗೂ ಹೀಗೆ ಆಯಿತಾ? ಎರಡನೇ ಸಲ ನೋಡಿದಾಗ ಹೊಸದಾಗಿ ಕಂಡಿದ್ದೇನು?

ಒಂದೇ ಕೋರಿಕೆ. ಇನ್ನೂ ನೋಡದವರಿದ್ದಾರೆ, ಕೊನೆಯ ಅರ್ಧ ಗಂಟೆಯ ಗುಟ್ಟು ಬಿಡಬೇಡಿ.

ಉಳ್ಳಾಲದವ

ಮಾರಾಯ್ರೇ, ನಮಗೆ ಎರಡನೇ ಸಲ ಬೇಕಾಗಲೇ ಇಲ್ಲ. ಇದು ಸಿನಿಮಾ ಅಲ್ಲ, ನಮ್ಮ ಊರಿನ ಮದುವೆ ಮನೆಗೆ ಯಾರೋ ಕ್ಯಾಮೆರಾ ಇಟ್ಟ ಹಾಗಿದೆ. ಸಿನಿಮಾದ ರವಿಯಣ್ಣನ ಹಾಗೆ ಎಲ್ಲದಕ್ಕೂ ಮುಂದೆ ನಿಲ್ಲುವ ಒಬ್ಬ ಪ್ರತಿ ಊರಿನಲ್ಲೂ ಇರುತ್ತಾನೆ. ಯಾರಾದರೂ ಸತ್ತರೆ ಮೊದಲ ಫೋನ್ ಅವನಿಗೆ. ಮದುವೆ ಇದ್ದರೆ ಶಾಮಿಯಾನದ ಲೆಕ್ಕವೂ ಅವನದೇ. ಅವನಿಗೇ ಮದುವೆ ಆಗಿಲ್ಲ ಅನ್ನುವುದು ಯಾರ ನೆನಪಿಗೂ ಬರುವುದಿಲ್ಲ.

ಇನ್ನು ಸಿನಿಮಾದ ಬಾವ. ಕುಡಿದು ಬರುವ ಬಾವ ಯಾರ ಮನೆಯಲ್ಲಿ ಇಲ್ಲ ಹೇಳಿ? ಅವರು ಬಂದಾಗಲೆಲ್ಲ ಆ ಹಳೇ ಹಾಡು ಬಂದರೆ ನಮ್ಮ ಸಾಲಿನವರೆಲ್ಲ ಎದ್ದು ನಿಲ್ಲುತ್ತಿದ್ದರು. ಈಗ ನಮ್ಮ ಅಕ್ಕನ ಗಂಡ ಮನೆಗೆ ಬಂದರೆ ಮಕ್ಕಳು ಮೊಬೈಲ್‌ನಲ್ಲಿ "ಬಾವ ಬಂದರೋ" ಹಾಕುತ್ತಾರೆ. ಅವರಿಗೆ ಸಿಟ್ಟು. ಕುಡಿಯುವುದು ಮಾತ್ರ ಬಿಟ್ಟಿಲ್ಲ.

ಸಿನಿಮಾದ ಹೆಸರಿನಲ್ಲಿರುವ 'ಸೋ', ಅಂದರೆ ಸೋಮೇಶ್ವರ, ನಮ್ಮ ಮನೆಯಿಂದ ಹತ್ತಿರ. ಕಡಲ ಬದಿಯಲ್ಲಿ ಸೋಮನಾಥ ದೇವಸ್ಥಾನ ಇರುವ ಊರು. ಈಗ ಅಲ್ಲಿಗೆ ಹೋದವರೆಲ್ಲ ಊರಿನ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಮೊದಲ ಬೆಂಚು

ಎಲ್ಲರೂ ಹೊಗಳುವಾಗ ಒಬ್ಬ ಬೈಯಬೇಕಲ್ಲ, ಆ ಕೆಲಸ ನಾನು ಮಾಡುತ್ತೇನೆ.

ನಾನು ಥಿಯೇಟರಿಗೆ ಹೋಗಲಿಲ್ಲ. ನೂರು ಕೋಟಿ ದಾಟಿತು, ಮಲಯಾಳಂ, ತೆಲುಗಿನಲ್ಲೂ ಬಂತು ಅಂತ ಎಲ್ಲರೂ ಹೇಳಿದ ಮೇಲೆ ಮನೆಯಲ್ಲಿ ನೋಡಿದೆ. ಎರಡು ಮೂರು ಕಡೆ ನಕ್ಕೆ. ಉಳಿದ ಕಡೆ "ಓ, ಇಲ್ಲಿ ಜನ ನಕ್ಕಿರಬೇಕು" ಅಂದುಕೊಂಡೆ. ಹೆದರಿಕೆಯಂತೂ ಒಂದು ಚೂರೂ ಆಗಲಿಲ್ಲ. ಹಾರರ್ ಕಾಮಿಡಿ ಅಂತ ಯಾಕೆ ಕರೆಯುತ್ತಾರೆ? ದೆವ್ವ ಸುಳ್ಳು ಅಂತ ನೋಡುವವರಿಗೆ ಮೊದಲೇ ಗೊತ್ತಲ್ಲ. ಕಥೆಯ ಹುಡುಗ ಅಶೋಕ ಸಿಕ್ಕಿಬಿದ್ದ, ಮಾನ ಉಳಿಸಿಕೊಳ್ಳಲು ಮೈಮೇಲೆ ಬಂದ ಹಾಗೆ ನಾಟಕ ಮಾಡಿದ. ಹೆದರುವುದು ಎಲ್ಲಿ?

ಎರಡನೇ ಅರ್ಧದಲ್ಲಿ ಇದ್ದಕ್ಕಿದ್ದಂತೆ ಗಂಭೀರವಾಗುತ್ತಾರೆ. ಸಂಗೀತವೂ "ಈಗ ಅಳಿ" ಅನ್ನುತ್ತದೆ. ಅಷ್ಟು ಹೊತ್ತು ಹೊಟ್ಟೆ ಹಿಡಿದು ನಗಿಸಿ, ಹೀಗೆ ತಟ್ಟನೆ ಕಣ್ಣೀರು ಕೇಳಿದರೆ ಹೇಗೆ?

ನೈಟ್ ಶಿಫ್ಟ್

@ಮೊದಲ ಬೆಂಚು, ಹೆದರಿಕೆ ನಮಗೆ ಆಗಬೇಕಾಗಿಲ್ಲ ಗುರು. ಹೆದರುವವರು ಆ ಊರಿನವರು. ನಾವು ಅವರ ಮುಖ ನೋಡುತ್ತಾ ಕೂತಿರುತ್ತೇವೆ. ನಗು ಅಲ್ಲಿಂದಲೇ ಬರುವುದು.

ನಾನು ಸೌಂಡ್ ಎಡಿಟಿಂಗ್ ಕೆಲಸ ಮಾಡುತ್ತೇನೆ (ಈ ಸಿನಿಮಾಕ್ಕಲ್ಲ, ಜಾಹೀರಾತಿಗೆ). ದೆವ್ವದ ಸೀನಿಗೆ ಮೊದಲು ಸದ್ದು ತೆಗೆಯುತ್ತೇವೆ. ಫ್ಯಾನ್ ಸದ್ದು, ಜೀರುಂಡೆ ಸದ್ದು, ಒಂದೊಂದಾಗಿ ಕಡಿಮೆ. ನೋಡುವವನ ಕಿವಿ ತಾನಾಗಿಯೇ ಮುಂದೆ ಬರುತ್ತದೆ. ಆಗ ಧಡ್ ಅಂತ ಒಂದು ಸದ್ದು. ಜೋಕಿನ ಸೀನಿನಲ್ಲೂ ಮಾಡುವುದು ಇದನ್ನೇ. ಒಬ್ಬ ಮಾತು ನಿಲ್ಲಿಸುತ್ತಾನೆ, ಎಲ್ಲರೂ ಅವನ ಮುಖ ನೋಡುತ್ತಾರೆ, ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೂಲೆಯಲ್ಲಿ ಕೂತವನು ಏನೋ ಒಂದು ಹೇಳುತ್ತಾನೆ. ಈ ಸಿನಿಮಾದಲ್ಲಿ ಧಡ್ ಅನ್ನುವ ಜಾಗದಲ್ಲಿ ಬಾವ ಬಂದು ನಿಲ್ಲುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನೊಂದು. ಹೆಡ್‌ಫೋನ್ ಹಾಕಿ ನೋಡಿ. ಗುಂಪಿನ ಸೀನುಗಳಲ್ಲಿ ಹಿಂದೆ ನಿಂತವರೂ ಏನೋ ಗೊಣಗುತ್ತಿರುತ್ತಾರೆ. ನನಗೆ ಮೂರನೇ ಸಲ ಕೇಳಿಸಿದ್ದು ಅದು.

ಗಡಿನಾಡು

ತೆಂಗಿನಗರಿಯವರು ಕೇಳಿದ ಪ್ರಶ್ನೆಗೆ ನಾಟಕದ ಕಡೆಯಿಂದ ಒಂದು ಉತ್ತರ ಇದೆ.

ನಾನು ಮಂಜೇಶ್ವರ ಕಡೆಯವನು. ನಿರ್ದೇಶಕ ಜೆ.ಪಿ. ತುಮಿನಾಡು ಅವರ ತುಮಿನಾಡು ಇರುವುದೂ ನಮ್ಮ ಗಡಿ ಭಾಗದಲ್ಲೇ. ಕಾಸರಗೋಡು ಜಿಲ್ಲೆ ಕೇರಳದ್ದು, ನಾಲಿಗೆ ತುಳು, ಶಾಲೆ ಕನ್ನಡ. ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ, ಪುಷ್ಪರಾಜ್ ಬೋಳಾರ್, ಮೈಮ್ ರಾಮದಾಸ್. ಸಿನಿಮಾದ ಈ ನಟರೆಲ್ಲ ಇಲ್ಲಿನವರಿಗೆ ಮೊದಲೇ ಪರಿಚಯದ ಮುಖಗಳು. ಬೆಂಗಳೂರಿನವರಿಗೆ "ಹೊಸಬರು" ಅನಿಸಿತು. ನಮಗೆ "ಅಂತೂ ಇವರಿಗೆ ಒಂದು ದಿನ ಬಂತು" ಅನಿಸಿತು.

ಇಲ್ಲಿ ತುಳು ನಾಟಕ ಅಂದರೆ ಮಳೆಗಾಲ ಮುಗಿದ ಮೇಲೆ ಊರೂರಿನಲ್ಲಿ. ಬಯಲಿನಲ್ಲಿ ಸ್ಟೇಜ್, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಚರುಂಬುರಿ ಮಾರುವವನು. ಆ ಜನರನ್ನು ನಗಿಸುವುದು ಸುಲಭ ಅಲ್ಲ. ನಗದೇ ಇದ್ದರೆ ಎದ್ದು ಚಾ ಕುಡಿಯಲು ಹೋಗುತ್ತಾರೆ. ಒಳ್ಳೆಯ ನಟ ಒಂದು ಮಾತು ಹೇಳಿ ನಗುವಿಗೆ ಕಾಯುತ್ತಾನೆ. ನಗು ಇಳಿಯುತ್ತಾ ಬರುವಾಗ, ಪೂರ್ತಿ ನಿಲ್ಲುವ ಮೊದಲೇ ಮುಂದಿನ ಮಾತು ಬಿಡುತ್ತಾನೆ. ಆ ಅಳತೆ ಯಾರೂ ಕಲಿಸಿಕೊಟ್ಟು ಬರುವುದಲ್ಲ.

ಸಿನಿಮಾದಲ್ಲಿ ಹಾಗೆ ಕಾಯಲು ಆಗುವುದಿಲ್ಲ. ಮಂಗಳೂರಿನಲ್ಲಿ ಜನ ಹತ್ತು ಸೆಕೆಂಡ್ ನಗಬಹುದು, ಇನ್ನೊಂದು ಊರಿನಲ್ಲಿ ಎರಡೇ ಸೆಕೆಂಡ್. ಎಷ್ಟು ಬಿಡುವು ಕೊಡಬೇಕು? ಇವರು ಬಿಡುವೇ ಕೊಡದೆ ಮಾತಿನ ಮೇಲೆ ಮಾತು ಹಾಕಿದ್ದಾರೆ. ಕೆಲವು ಮಾತು ಕಳೆದುಹೋದರೆ ಹೋಗಲಿ ಅಂತ. ನನ್ನ ಪ್ರಕಾರ ಅದು ತಪ್ಪಲ್ಲ, ಲೆಕ್ಕಾಚಾರ.

ತೆಂಗಿನಗರಿ

@ಗಡಿನಾಡು, ಈ ಉತ್ತರಕ್ಕೋಸ್ಕರವೇ ಪ್ರಶ್ನೆ ಹಾಕಿದ್ದು ಅನಿಸುತ್ತಿದೆ. ಆದರೂ ಒಂದು ತಕರಾರು ಇದೆ. ನಾನು ತುಮಕೂರಿನವನು. ನಿಮ್ಮ ಕಡೆಯ ಕನ್ನಡ ನನಗೆ ಅರ್ಥವಾಗುತ್ತದೆ, ಆದರೆ ಅರ್ಧ ಸೆಕೆಂಡ್ ತಡವಾಗಿ. ನಮ್ಮ ಥಿಯೇಟರಿನಲ್ಲಿ ಮೊದಲು ಮಂಗಳೂರು ಕಡೆಯವರು ನಗುತ್ತಿದ್ದರು. ಅವರು ನಕ್ಕರು ಅಂತ ನಾವು ನಗುತ್ತಿದ್ದೆವು. ಆಮೇಲೆ ಅರ್ಥವಾಗಿ ಇನ್ನೊಂದು ಸಲ ನಗುತ್ತಿದ್ದೆವು.

ಉಳ್ಳಾಲದವ

ಒಟ್ಟು ಮೂರು ನಗು ಆಯಿತಲ್ಲ, ಟಿಕೆಟ್ ದುಡ್ಡು ವಸೂಲಿ.

ಅಡಿಕೆ ಸಿಪ್ಪೆ

ನಾನು ಸಾಗರದ ಕಡೆಯವನು. ಈ ಸಿನಿಮಾ ನೋಡುತ್ತಾ ನನಗೆ ನಗು ಬರುವ ಬದಲು ಬೆವರು ಬಂತು. ಕಾರಣ ಹೇಳುತ್ತೇನೆ.

1998ರಲ್ಲಿ ನನ್ನ ಸೋದರಮಾವನ ಮೈಮೇಲೆ ದೆವ್ವ ಬಂದಿತ್ತು. ನನಗೆ ಆಗ ಒಂಬತ್ತು ವರ್ಷ. ಅಡಿಕೆ ಮಾರಿದ ದುಡ್ಡು ತರಲು ಪೇಟೆಗೆ ಹೋದ ಮಾವ ರಾತ್ರಿ ಹನ್ನೊಂದಾದರೂ ಬರಲಿಲ್ಲ. ಬಂದಾಗ ದುಡ್ಡು ಇರಲಿಲ್ಲ, ಅಂಗಿಯೂ ಇರಲಿಲ್ಲ. ಅಜ್ಜ ಬೆತ್ತ ತೆಗೆದುಕೊಂಡು ಜಗಲಿಗೆ ಬಂದರು. "ದುಡ್ಡು ಎಲ್ಲೋ?" ಅಂದರು. ಮಾವ ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಹೆಂಗಸಿನ ದನಿಯಲ್ಲಿ ನಗಲು ಶುರು ಮಾಡಿದರು.

ಅಜ್ಜನ ಕೈಯಿಂದ ಬೆತ್ತ ಬಿತ್ತು. ಅಜ್ಜಿ ಭಸ್ಮ ತಂದರು. ಕೆರೆ ಏರಿಯ ಮೇಲೆ ಹಿಡಿದುಕೊಂಡಿದೆ ಅಂತ ಪಕ್ಕದ ಮನೆಯವರು ತೀರ್ಮಾನ ಮಾಡಿದರು. ಏನು ಬೇಕು ಅಂತ ಕೇಳಿದರೆ ದೆವ್ವ ಕೋಳಿ ಸಾರು, ಕೊಟ್ಟೆ ಕಡುಬು ಕೇಳಿತು. ಮೂರು ದಿನ ಮೂರು ಕೋಳಿ ಹೋದವು. ನಾಲ್ಕನೇ ದಿನ ಯಾರೋ ಬಂದು ತಾಯಿತ ಕಟ್ಟಿದರು, ದೆವ್ವ ಬಿಟ್ಟು ಹೋಯಿತು. ದುಡ್ಡನ್ನು ದೆವ್ವವೇ ಕೆರೆಗೆ ಹಾಕಿಸಿತು ಅಂತ ಎಲ್ಲರೂ ನಂಬಿದರು. 27 ವರ್ಷದಿಂದ ನಾನೂ ನಂಬಿದ್ದೆ.

ಮೊನ್ನೆ ಅಶೋಕ ಸಿಕ್ಕಿಬಿದ್ದು ಕಣ್ಣು ತಿರುಗಿಸಿದ ಸೀನ್ ಬಂದಾಗ ನನ್ನ ತಲೆಯಲ್ಲಿ ಏನೋ ಟಕ್ ಅಂತು.

ಕೊಲ್ಲಿ ಕನ್ನಡಿಗ

@ಅಡಿಕೆ ಸಿಪ್ಪೆ ಸರ್, ಮಾವನಿಗೆ ಈ ಸಿನಿಮಾ ತೋರಿಸಿ. ತೋರಿಸಿ ಇಲ್ಲಿ ಬರೆಯಲೇಬೇಕು.

ನಾನು ಶಾರ್ಜಾದಲ್ಲಿ ಇದ್ದೇನೆ. ರೂಮಿನಲ್ಲಿ ನಾನೊಬ್ಬ ಕನ್ನಡದವನು, ಮೂವರು ಮಲಯಾಳಿಗಳು. ಅವರಿಗೋಸ್ಕರ ಮಲಯಾಳಂ ಡಬ್ಬಿಂಗ್ ಹಾಕಿ ನೋಡಿದೆವು. ಎರಡು ವರ್ಷ ಹಿಂದೆ ಅವರು ನನಗೆ "ರೋಮಾಂಚಂ" ತೋರಿಸಿದ್ದರು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮಲಯಾಳಿ ಹುಡುಗರು ಕೇರಂ ಬೋರ್ಡ್ ಮೇಲೆ ಲೋಟ ಇಟ್ಟು ಆತ್ಮ ಕರೆಯುವ ಕಥೆ. ನಮ್ಮ ಊರಿನ ದೆವ್ವ ತೋರಿಸಿ ಅವರು ದುಡ್ಡು ಮಾಡಿದರಲ್ಲ ಅಂತ ನನಗೆ ಒಳಗೊಳಗೇ ಉರಿ ಇತ್ತು. ಈಗ ಲೆಕ್ಕ ಸಮ.

ಆದರೆ ಒಂದು ಮಾತು. ಡಬ್ಬಿಂಗ್‌ನಲ್ಲಿ ರವಿಯಣ್ಣ ಅರ್ಧ ಮಾತ್ರ ಉಳಿದ. ಮಾತಿನ ರಾಗವೇ ಅವನ ಪಾತ್ರ. ಅದು ಹೋದರೆ ದಪ್ಪ ಮೀಸೆಯ ಒಬ್ಬ ಗಟ್ಟಿ ಆಸಾಮಿ ಮಾತ್ರ.

ಬಿಸಿಬೇಳೆ

ಇಲ್ಲಿ ಇಷ್ಟು ಜನ ಬರೆದಿದ್ದೀರಿ. ಒಬ್ಬರಾದರೂ ಅಶೋಕ ಯಾಕೆ ಸಿಕ್ಕಿಬಿದ್ದ ಅಂತ ಹೇಳಿದಿರಾ? "ಸಿಕ್ಕಿಬಿದ್ದ, ಮಾನ ಉಳಿಸಿಕೊಂಡ" ಅಂತ ಬರೆದಿದ್ದೀರಿ. ಅವನು ಹುಡುಗಿ ಸ್ನಾನ ಮಾಡುವುದನ್ನು ಇಣುಕಿ ನೋಡಲು ಹೋಗಿದ್ದ. ಅಲ್ಲಿಂದ ಈ ಕಥೆ ಶುರುವಾಗುವುದು. ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಒಂಥರಾ ಆಯಿತು.

ಊರಿನ ತುಂಬಾ ಗಂಡಸರೇ. ಮಾತಾಡುವವರು ಅವರೇ, ಕುಡಿಯುವವರು ಅವರೇ, ದೆವ್ವ ಬಿಡಿಸುವವರೂ ಅವರೇ. ದೆವ್ವಕ್ಕೆ ಮಾತ್ರ ಹೆಂಗಸಿನ ಹೆಸರು.

ಮೊದಲ ಬೆಂಚು

@ಬಿಸಿಬೇಳೆ ಮೇಡಂ, ನನ್ನ ಪಕ್ಷಕ್ಕೆ ಸ್ವಾಗತ.

ಬಿಸಿಬೇಳೆ

ನಿಮ್ಮ ಪಕ್ಷ ಅಲ್ಲ ಸರ್, ತಡೆಯಿರಿ. ನನಗೆ ಸಿನಿಮಾ ಇಷ್ಟವಾಗಿದೆ. ನಿಮಗೆ ಬೇಡವಾದ ಆ ಎರಡನೇ ಅರ್ಧವೇ ಇಷ್ಟವಾಗಿದ್ದು.

"ಆಪ್ತಮಿತ್ರ" ನೆನಪಿದೆಯಾ? 2004. ನಾನು ಪಿಯುಸಿ. ಸೌಂದರ್ಯ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರು ನಾಗವಲ್ಲಿಯಾಗಿ ಪರದೆ ಮೇಲೆ ಬಂದಾಗ ಮೈಸೂರಿನಲ್ಲಿ ನಮ್ಮ ಸಾಲಿನಲ್ಲಿದ್ದ ಹೆಂಗಸರು ಹೆದರಿದರೋ ಅತ್ತರೋ ಇವತ್ತಿಗೂ ಗೊತ್ತಿಲ್ಲ. ಅದರಲ್ಲೂ ನಗು ಇತ್ತು, ದ್ವಾರಕೀಶ್ ಇದ್ದರು. ಆದರೆ ಅಲ್ಲಿ ಕಾಯಿಲೆ ಹೆಣ್ಣಿಗೆ, ಗುಣ ಮಾಡುವವರು ಗಂಡಸರು. ದೆವ್ವದ ಸಿನಿಮಾಗಳಲ್ಲಿ ಬಹಳ ಸಲ ಹಾಗೇ.

ಇಲ್ಲಿ ಉಲ್ಟಾ ಆಗಿದೆ. ಗಂಡಸಿನ ಮೈಮೇಲೆ ಹೆಂಗಸು. ತಪ್ಪು ಮಾಡಿದವನು ತಪ್ಪಿಸಿಕೊಳ್ಳಲು ಯಾವುದೋ ಸತ್ತ ಹೆಂಗಸಿನ ಹೆಸರು ಹೇಳುತ್ತಾನೆ. "ಸುಲೋಚನಾ ಫ್ರಮ್ ಸೋಮೇಶ್ವರ." ಅವನಿಗೆ ಅದು ಬರೀ ಹೆಸರು. ಆಮೇಲೆ ಗೊತ್ತಾಗುತ್ತದೆ, ಆ ಹೆಸರಿನವಳು ನಿಜವಾಗಿ ಇದ್ದಳು, ಅವಳಿಗೊಬ್ಬಳು ಮಗಳು ಇದ್ದಾಳೆ. ಭಾನು. ಅವಳು ಬಂದು ನಿಂತಾಗ ನಮ್ಮ ಹಾಲ್‌ನಲ್ಲಿ ನಗು ನಿಂತಿತು. ನೀವು "ತಟ್ಟನೆ" ಅಂದಿರಲ್ಲ, ಅದು ತಟ್ಟನೆಯೇ ಆಗಬೇಕಿತ್ತು. ನಾವು ಅಷ್ಟು ಹೊತ್ತು ಯಾರ ಹೆಸರು ಹೇಳಿ ನಗುತ್ತಿದ್ದೆವು ಅನ್ನುವುದು ಮೆಲ್ಲಗೆ ಗೊತ್ತಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಹಾಗಂತ ಅಶೋಕನ ಮೊದಲ ತಪ್ಪಿನ ಲೆಕ್ಕವನ್ನು ಸಿನಿಮಾ ಪೂರ್ತಿ ತೀರಿಸಿದೆಯಾ? ಇಲ್ಲ. ಆ ಹುಡುಗಿಯ ಕಡೆಗೆ ಕ್ಯಾಮೆರಾ ಇನ್ನೊಂದು ಚೂರು ತಿರುಗಬೇಕಿತ್ತು.

ನೈಟ್ ಶಿಫ್ಟ್

ಇದನ್ನು ಓದಿ ಆ ಭಾಗ ಮತ್ತೆ ಹಾಕಿ ನೋಡಿದೆ. ನಾಲ್ಕನೇ ಸಲ. ಮೇಡಂ ಹೇಳಿದ್ದು ಸರಿ. ಮೊದಲ ಮೂರು ಸಲ ನಾನು ಸದ್ದು ಕೇಳುತ್ತಾ ಕೂತಿದ್ದೆ, ನನಗೆ ಅದು ಹೊಳೆದಿರಲಿಲ್ಲ.

ಗಡಿನಾಡು

ಒಂದು ವಿಷಯ ಘಟ್ಟದ ಮೇಲಿನವರಿಗೆ ಹೇಳಬೇಕು. ಇನ್ನೊಂದು ಕಡೆ ಯಾರೋ "ಕಾಂತಾರದಲ್ಲಿ ಭೂತವನ್ನು ಪೂಜೆ ಮಾಡಿದರು, ಇದರಲ್ಲಿ ಭೂತವನ್ನು ತಮಾಷೆ ಮಾಡಿದರು" ಅಂತ ಬರೆದಿದ್ದರು. ಹಾಗಲ್ಲ. ನಮ್ಮಲ್ಲಿ ಭೂತ ಅಂದರೆ ದೈವ. ಪಂಜುರ್ಲಿ, ಗುಳಿಗ, ಕೊರಗಜ್ಜ. ಅವರಿಗೆ ಕೋಲ, ನೇಮ ಕೊಡುತ್ತಾರೆ. ಅವರನ್ನು ಯಾರೂ ನಗೆ ಮಾಡುವುದಿಲ್ಲ. ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಬೇರೆ ಹೆಸರು, ಕುಲೆ. ಈ ಸಿನಿಮಾದಲ್ಲಿ ಇರುವುದು ಕುಲೆ. ಕುಲೆ ಅಂದರೆ ಮನೆಯದೇ ಒಬ್ಬರು. ಅವರ ಮೇಲೆ ಹೆದರಿಕೆ ಇರುತ್ತದೆ, ಕನಿಕರವೂ ಇರುತ್ತದೆ.

ಸಿನಿಮಾ ಬಂದಿದ್ದು ಜುಲೈ 25ಕ್ಕೆ. ಹಿಂದಿನ ದಿನ ಆಟಿ ಅಮಾವಾಸ್ಯೆ. ನೀವು ಭೀಮನ ಅಮಾವಾಸ್ಯೆ ಅನ್ನುತ್ತೀರಲ್ಲ, ಅದೇ. ಆ ಬೆಳಿಗ್ಗೆ ನಾವು ಹಾಳೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ, ಪ್ರಾಣ ಹೋಗುವಷ್ಟು ಕಹಿ. ಆಟಿ ತಿಂಗಳಿನಲ್ಲೇ ಸತ್ತವರಿಗೆ ಮನೆಯೊಳಗೆ ಬಾಳೆಎಲೆ ಹಾಕಿ ಬಡಿಸುವುದು. ಬಡಿಸಿ ಬಾಗಿಲು ಎಳೆದು ಹೊರಗೆ ನಿಲ್ಲುತ್ತೇವೆ. ಚಿಕ್ಕವನಿದ್ದಾಗ ಬಾಗಿಲ ಸಂದಿಯಲ್ಲಿ ನೋಡಲು ಹೋಗಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ.

ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವ ಪದ್ಧತಿಯೂ ಇದೆ, ಕುಲೆ ಮದಿಮೆ ಅಂತ. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು 30 ವರ್ಷ ಹಿಂದೆ ತೀರಿಹೋದ ಮಗಳಿಗೆ ವರ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಹಾಕಿದ್ದರು. ದೇಶವೆಲ್ಲ ಅದನ್ನು ತಮಾಷೆಯ ಸುದ್ದಿ ಮಾಡಿತು. ಇಲ್ಲಿ ಯಾರೂ ನಗಲಿಲ್ಲ. ಆ ಮಗು ಇದ್ದಿದ್ದರೆ ಈಗ ಎಷ್ಟು ವಯಸ್ಸು ಅಂತ ನಮ್ಮ ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು.

ಅದಕ್ಕೇ ಹೇಳಿದ್ದು. ಸುಲೋಚನಾ ಅನ್ನುವ ಹೆಸರು ಬಂದ ಕೂಡಲೇ ನಮ್ಮವರಿಗೆ ಮೊದಲು ಬರುವ ಪ್ರಶ್ನೆ, "ಅವಳು ಯಾರ ಮನೆಯವಳು?"

ಉಳ್ಳಾಲದವ

ಇದು ನೂರಕ್ಕೆ ನೂರು. ನನ್ನ ಅಮ್ಮ ಥಿಯೇಟರಿನಲ್ಲೇ ಕೇಳಿದ್ದರು, "ಸೋಮೇಶ್ವರದಲ್ಲಿ ಸುಲೋಚನಾ ಅಂದರೆ ಯಾರು ಮಗ, ನಮಗೆ ಗೊತ್ತಿರುವವರಾ?"

ತೆಂಗಿನಗರಿ

ನಮ್ಮ ಕಡೆ ಕುಲೆ ಇಲ್ಲ, "ನಾಳೆ ಬಾ" ಇತ್ತು. ತೊಂಬತ್ತರ ದಶಕ. ಬೆಂಗಳೂರಿನಲ್ಲಿ ಶುರುವಾಗಿ ನಮ್ಮ ಊರಿಗೂ ಬಂತು. ರಾತ್ರಿ ಒಬ್ಬಳು ಬಂದು ಬಾಗಿಲು ತಟ್ಟುತ್ತಾಳೆ, ನಿಮ್ಮ ಅಮ್ಮನದೋ ಅಕ್ಕನದೋ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ಅದಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುವುದು. ಅವಳು ಓದಿ ವಾಪಸ್ ಹೋಗುತ್ತಾಳೆ, ಮರುದಿನ ಬರುತ್ತಾಳೆ, ಮತ್ತೆ ಓದುತ್ತಾಳೆ. ನಮ್ಮ ಬೀದಿಯಲ್ಲಿ ಬರೆಯಲು ಬರುತ್ತಿದ್ದ ಹುಡುಗರಿಗೆ ಆ ವಾರ ಬೇಡಿಕೆಯೋ ಬೇಡಿಕೆ. ನಾನು ಹನ್ನೆರಡು ಮನೆಗೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟಿದ್ದೆ. ಒಂದು ಮನೆಯಲ್ಲಿ ಕೋಡುಬಳೆ ಕೊಟ್ಟರು. ದೆವ್ವಕ್ಕೆ ಕನ್ನಡ ಓದಲು ಬರುತ್ತದಾ ಅಂತ ಯಾರೂ ಕೇಳಲಿಲ್ಲ.

ಇದೇ ಕಥೆಯನ್ನು 2018ರಲ್ಲಿ ಹಿಂದಿಯವರು "ಸ್ತ್ರೀ" ಮಾಡಿ ಗೆದ್ದರು. "ಓ ಸ್ತ್ರೀ ಕಲ್ ಆನಾ." ನಮ್ಮ ಗೋಡೆಯ ಮೇಲಿದ್ದದ್ದು ನಮಗೆ ಸಿನಿಮಾ ಅಂತ ಕಾಣಿಸಲೇ ಇಲ್ಲ ನೋಡಿ.

ಮೊದಲ ಬೆಂಚು

ಸರಿ, ಒಪ್ಪಿಕೊಳ್ಳುವುದನ್ನು ಒಪ್ಪಿಕೊಳ್ಳುತ್ತೇನೆ. ನಿನ್ನೆ ಭಾನುವಾರ ಅಪ್ಪ ಅಮ್ಮ, ಚಿಕ್ಕಪ್ಪನ ಮನೆಯವರು, ಒಟ್ಟು ಒಂಬತ್ತು ಜನ ಕೂತು ನೋಡಿದೆವು. ಆ ಗುರೂಜಿ ಬರುವ ಸೀನ್ ಇದೆಯಲ್ಲ, ರಾಜ್ ಬಿ. ಶೆಟ್ಟಿ. ಒಬ್ಬನೇ ನೋಡಿದಾಗ "ಇದೇನು ಇಷ್ಟು ಉದ್ದ" ಅನಿಸಿತ್ತು. ನಿನ್ನೆ ಚಿಕ್ಕಪ್ಪ ಸೋಫಾದಿಂದ ಕೆಳಗೆ ಇಳಿದು ನೆಲದ ಮೇಲೆ ಕೂತು ನಕ್ಕರು. ಅವರನ್ನು ನೋಡಿ ನಾನು ನಕ್ಕೆ. ಸಿನಿಮಾಕ್ಕೆ ನಕ್ಕೆನೋ ಚಿಕ್ಕಪ್ಪನಿಗೆ ನಕ್ಕೆನೋ ಗೊತ್ತಿಲ್ಲ.

ಸಂಗೀತ ಮಾತ್ರ ಈಗಲೂ ಜಾಸ್ತಿಯೇ. ಅದರಲ್ಲಿ ರಾಜಿ ಇಲ್ಲ.

ಇನ್ನೊಂದು ವಿಷಯ ಮೆಚ್ಚಲೇಬೇಕು. ರಾಜ್ ಬಿ. ಶೆಟ್ಟಿ ಈ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬರು. ಮನಸ್ಸು ಮಾಡಿದ್ದರೆ ಪೋಸ್ಟರ್ ತುಂಬಾ ತಮ್ಮ ಮುಖ ಹಾಕಿಸಬಹುದಿತ್ತು. ಅವರು ನಡುವೆ ಬಂದು, ನಗಿಸಿ, ಹೋಗುತ್ತಾರೆ. ಇಡೀ ಸಿನಿಮಾ ಶನೀಲ್ ಗೌತಮ್, ಜೆ.ಪಿ., ಸಂಧ್ಯಾ ಅರಕೆರೆ ಅವರ ಮೇಲೆ ನಿಂತಿದೆ.

ಉಳ್ಳಾಲದವ

@ಮೊದಲ ಬೆಂಚು, ಇನ್ನು ಎರಡು ಸಲ ನೋಡಿ, ಸಂಗೀತಕ್ಕೂ ಒಪ್ಪುತ್ತೀರಿ.

ಬಿಡುಗಡೆ ಸಮಯದ್ದು ಒಂದು ನೆನಪು. ದೊಡ್ಡ ಪ್ರಚಾರ ಇರಲಿಲ್ಲ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಪ್ರೀಮಿಯರ್ ಶೋ ಇಟ್ಟಿದ್ದರು. ಅದನ್ನು ನೋಡಿ ಬಂದವರು ವಾಟ್ಸಾಪಿನಲ್ಲಿ ಬರೆದದ್ದೇ ಜಾಹೀರಾತು. ಶನಿವಾರ ನಾನು ಹೋದಾಗ ಟಿಕೆಟ್ ಇಲ್ಲ. ಭಾನುವಾರ ಇಲ್ಲ. ಸೋಮವಾರ ರಜೆ ಹಾಕಿ ಹೋದೆ. ಆಫೀಸಿಗೆ ಹೊಟ್ಟೆನೋವು ಅಂತ ಹೇಳಿದ್ದೆ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನನ್ನ ಮುಂದೆ ಮ್ಯಾನೇಜರ್! ಅವರೂ ಏನೋ ಕಾಯಿಲೆ ಅಂತ ಹೇಳಿದ್ದರಂತೆ. ಇಬ್ಬರೂ ಏನೂ ಮಾತಾಡಲಿಲ್ಲ.

ಬಿಸಿಬೇಳೆ

ಅಶೋಕನ ಹಾಗೆ ಕಣ್ಣು ತಿರುಗಿಸಿಬಿಡಬೇಕಿತ್ತು ನೀವು.

ಕೊಲ್ಲಿ ಕನ್ನಡಿಗ

ಎಲ್ಲಾ ಸರಿ, ಸಾಗರದ ಮಾವ ಎಲ್ಲಿ? @ಅಡಿಕೆ ಸಿಪ್ಪೆ, ಆರು ದಿನ ಆಯಿತು. ನಮ್ಮ ರೂಮಿನ ಮಲಯಾಳಿಗಳೂ ದಿನಾ ಕೇಳುತ್ತಿದ್ದಾರೆ.

ನೈಟ್ ಶಿಫ್ಟ್

ನಾನೂ ಅದಕ್ಕೇ ಕಾಯುತ್ತಿದ್ದೇನೆ. ಮೊದಲ ಭಾಗ ಹಾಕಿ ಇಂಟರ್ವಲ್ ಕೊಟ್ಟು ಹೋಗಿಬಿಟ್ಟರು.

ಅಡಿಕೆ ಸಿಪ್ಪೆ

ಕ್ಷಮಿಸಿ, ಊರಿಗೆ ಹೋಗಿದ್ದೆ. ಅಲ್ಲಿ ಮಳೆ, ನೆಟ್‌ವರ್ಕ್ ಇಲ್ಲ. ಸಿನಿಮಾವನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿದ್ದೆ. ಮೊನ್ನೆ ರಾತ್ರಿ ಊಟ ಮುಗಿದ ಮೇಲೆ ಟಿವಿಗೆ ಹಾಕಿದೆ. ಮಾವ, ಅತ್ತೆ, ಅಜ್ಜಿ, ಮಾವನ ಇಬ್ಬರು ಮಕ್ಕಳು. ಅಜ್ಜ ಈಗಿಲ್ಲ. ಅಜ್ಜಿಗೆ 86.

ಮಾವ ಮೊದಮೊದಲು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಬಾವ ಬಂದಾಗ ತೊಡೆ ತಟ್ಟಿದರು. ಅಶೋಕ ಸಿಕ್ಕಿಬಿದ್ದ. ಕಣ್ಣು ತಿರುಗಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಟಿವಿ ನೋಡಲೇ ಇಲ್ಲ, ಮಾವನನ್ನು ನೋಡುತ್ತಿದ್ದೆ. ಮಾವ ನಗು ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ಕೊಟ್ಟಿಗೆ ದೀಪ ಆರಿಸಿಲ್ಲ ಅನಿಸುತ್ತೆ" ಅಂತ ಎದ್ದು ಹೋದರು.

ಕೊಟ್ಟಿಗೆಯಲ್ಲಿ ಈಗ ಹಸುವೂ ಇಲ್ಲ, ದೀಪವೂ ಇಲ್ಲ. ಬೈಕ್ ನಿಲ್ಲಿಸುತ್ತಾರೆ.

ಅತ್ತೆ ಟಿವಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅಡಿಕೆ ಕತ್ತರಿಸುತ್ತಾ ಕೂತಿದ್ದರು. ನಾನು ಮೆಲ್ಲಗೆ, "ಅತ್ತೆ, ಅವತ್ತು ಮಾವನ ಮೈಮೇಲೆ..." ಅಂದೆ.

"ಇಸ್ಪೀಟಿನಲ್ಲಿ ಹೋಯಿತು ದುಡ್ಡು. ಅಂಗಿಯೂ ಅಲ್ಲೇ ಇಟ್ಟು ಬಂದಿದ್ದರು" ಅಂದರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಸಾರಿಗೆ ಖಾರ ಸಾಲದು ಅಂತ ದೆವ್ವ ತಟ್ಟೆ ಪಕ್ಕಕ್ಕೆ ತಳ್ಳಿತಲ್ಲ, ಆಗಲೇ ಗೊತ್ತಾಯಿತು. ದಿನಾ ತಳ್ಳುವ ಹಾಗೇ ತಳ್ಳಿತು."

"ಮತ್ತೆ ಯಾಕೆ ಹೇಳಲಿಲ್ಲ?"

ಅತ್ತೆ ಅಡಿಕೆ ಹೋಳನ್ನು ಎಲೆಯೊಳಗೆ ಇಟ್ಟು ಮಡಿಸಿದರು. "ನಾನು ಮದುವೆಯಾಗಿ ಬಂದು ಆರು ವರ್ಷ ಆಗಿತ್ತು. ಆ ಮನೆಯಲ್ಲಿ ನನ್ನ ಕೈ ಅಡುಗೆಯನ್ನು ಯಾರಾದರೂ ಕೈಮುಗಿದು ಬೇಡಿ ತಿಂದಿದ್ದು ಆ ಮೂರು ದಿನ ಮಾತ್ರ" ಅಂದರು.

ಅಷ್ಟರಲ್ಲಿ ಅಜ್ಜಿ ಮಂಚದ ಮೇಲಿಂದಲೇ ಕೇಳಿದರು. ಅವರು ನಿದ್ದೆ ಮಾಡಿದ್ದಾರೆ ಅಂದುಕೊಂಡಿದ್ದೆವು.

"ಹಾಗಾದರೆ ನನ್ನ ಮೂರು ಕೋಳಿ?"